ಒಂಬತ್ತು ಅಂಕದ ಶಾಲೆಯೋ, ಆರು ಅಂಕದ ಶಾಲೆಯೋ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಮೂರು ವಾರವಾಯಿತು, ಮನೆ ಗೊತ್ತುಮಾಡಬೇಕು, ಎರಡು ಮನೆ ನೋಡಿದ್ದೇವೆ ಎಂದು ಬರೆದಿದ್ದೀರಿ. ಒಂದರ ವ್ಯಾಪ್ತಿಯ ಶಾಲೆಗೆ, ಶಾಲೆಗಳಿಗೆ ಅಂಕ ಕೊಡುವ ಜಾಲತಾಣದಲ್ಲಿ ಹತ್ತಕ್ಕೆ 9 ಅಂಕ, ಇನ್ನೊಂದರದಕ್ಕೆ 6. ಒಂಬತ್ತರ ಮನೆಗೆ ತಿಂಗಳಿಗೆ 700 ಡಾಲರ್ ಹೆಚ್ಚು ಬಾಡಿಗೆ. ದಾವಣಗೆರೆಯಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದ ಮೊಮ್ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸುತ್ತೀರಾ ಎಂದು ನಿಮ್ಮ ಅತ್ತೆಯವರು ಫೋನಿನಲ್ಲಿ ಕೇಳುತ್ತಿದ್ದಾರೆ ಎಂದೂ ಹೇಳಿದ್ದೀರಿ. ನಾನು ಇಲ್ಲಿಗೆ ಬಂದು 13 ವರ್ಷವಾಯಿತು. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದಿದವರು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಅತ್ತೆಯವರ ಮಾತು. ನಮ್ಮ ತಂದೆ ಸಾಗರದ ಹತ್ತಿರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಹಾಗಾಗಿ ಆ ಹೆಸರು ಕೇಳಿ ನನಗೆ ಎಂದೂ ಅಳುಕಾಗಿಲ್ಲ. ಇಲ್ಲಿಯಂತೂ ಕಂಪನಿಯ ನಿರ್ದೇಶಕರ ಮಗನೂ ಅದೇ ಕಂಪನಿಯ ಕಟ್ಟಡ ಗುಡಿಸುವವರ ಮಗಳೂ ಒಂದೇ ಮೇಜಿನಲ್ಲಿ ಕುಳಿತು ಓದುವ ಶಾಲೆಗಳಿವೆ. ಶುಲ್ಕವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022-23ರಿಂದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ, ಮನೆಯ ಆದಾಯ ಎಷ್ಟೇ ಇರಲಿ, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಉಚಿತ. ಬಿಸಿಯೂಟ ಎಂದು ಹೇಳಿ, ಅತ್ತೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಒಂದನೆಯ ತರಗತಿಗೂ ಹಿಂದಿನ ಕಿಂಡರ್‌ಗಾರ್ಟನ್ ಕೋಣೆಗೆ ಕಾಲಿಟ್ಟರೆ ನಿಮಗೆ ನಮ್ಮ ನಲಿ-ಕಲಿ ತರಗತಿ ನೆನಪಾಗಬಹುದು: ಪಠ್ಯಪುಸ್ತಕದ ಹೊರೆ ಇಲ್ಲ, ಮಕ್ಕಳು ಗುಂಪುಗುಂಪಾಗಿ ಕುಳಿತಿರುತ್ತಾರೆ, ಗೋಡೆಯ ತುಂಬ ಅವರದೇ ಚಿತ್ರಗಳು.

ಇನ್ನು ಆ 9 ಮತ್ತು 6. ಅವು ಬಹುಮಟ್ಟಿಗೆ ರಾಜ್ಯದ ಪರೀಕ್ಷೆಯ ಫಲಿತಾಂಶದಿಂದ ಬಂದವು. ಆ ಪರೀಕ್ಷೆ ಶುರುವಾಗುವುದೇ ಮೂರನೆಯ ತರಗತಿಯಿಂದ. ಅದೂ ಹೆಚ್ಚಾಗಿ ಇಂಗ್ಲಿಷ್ ಮತ್ತು ಗಣಿತ. ಅಂದರೆ ನಿಮ್ಮ ಮಗಳು ಈಗ ಸೇರಲಿರುವ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದು ಆ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಭಾಗದಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಗಣಿತದ ಕೋಚಿಂಗಿಗೆ ಹೋಗುತ್ತಾರೆ. ಆ ದುಡಿಮೆಯ ಫಲವೂ ಶಾಲೆಯ ಅಂಕದೊಳಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಮಕ್ಕಳು ಎಂಥ ಮನೆಗಳಿಂದ ಬರುತ್ತಾರೆ ಎನ್ನುವುದನ್ನೂ ಅಂಕ ಹೇಳುತ್ತದೆ, ಬರೀ ಶಾಲೆ ಏನು ಕಲಿಸಿತು ಎಂಬುದನ್ನಲ್ಲ. ರಾಜ್ಯದ ಶಿಕ್ಷಣ ಇಲಾಖೆಯ ‘ಡ್ಯಾಶ್‌ಬೋರ್ಡ್’ ಪುಟದಲ್ಲಿ ಪ್ರತಿ ಶಾಲೆಯದೂ ವಿವರ ಇದೆ. ಅಲ್ಲಿ ನಾನು ಮೊದಲು ನೋಡುವುದು ಎಷ್ಟು ಮಕ್ಕಳು ಪದೇಪದೇ ಗೈರಾಗುತ್ತಾರೆ ಎಂಬ ಸಾಲನ್ನು. ಮಕ್ಕಳಿಗೆ ಶಾಲೆಗೆ ಹೋಗುವ ಮನಸ್ಸಿದೆಯೋ ಇಲ್ಲವೋ ಎಂಬುದರ ಸುಳಿವು ಅಲ್ಲಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸನ್ನಿವೇಲ್ ಎಂಬ ವಿಳಾಸವಿದ್ದ ಮಾತ್ರಕ್ಕೆ ಎಲ್ಲ ಮಕ್ಕಳೂ ಒಂದೇ ಶಾಲಾ ಜಿಲ್ಲೆಗೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಗೆ) ಸೇರುವುದಿಲ್ಲ. ಊರಿನ ಒಂದು ಭಾಗ ಸನ್ನಿವೇಲ್ ಜಿಲ್ಲೆಗೆ, ಇನ್ನೊಂದು ಕುಪರ್ಟಿನೊ ಯೂನಿಯನ್ ಜಿಲ್ಲೆಗೆ, ಸ್ವಲ್ಪ ಭಾಗ ಸಾಂಟಾ ಕ್ಲಾರಾ ಜಿಲ್ಲೆಗೆ ಸೇರಿದೆ. ರಸ್ತೆಯ ಆಚೆ ಬದಿಗೆ ಒಂದು ಶಾಲೆ, ಈಚೆ ಬದಿಗೆ ಇನ್ನೊಂದು ಇರಬಹುದು. ಮನೆ ತೋರಿಸುವವರ ಮಾತನ್ನು ನಂಬಬೇಡಿ. ಮನೆ ಸಂಖ್ಯೆಯನ್ನು ಜಿಲ್ಲೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ, ಆಮೇಲೆ ಶಾಲೆಯ ಕಚೇರಿಗೆ ಫೋನ್ ಮಾಡಿ ಆ ತರಗತಿಯಲ್ಲಿ ಜಾಗವಿದೆಯೇ ಎಂದು ಕೇಳಿ. ಜಾಗ ತುಂಬಿದ್ದರೆ ಅದೇ ಜಿಲ್ಲೆಯ ಬೇರೆ ಶಾಲೆಗೆ ಕಳುಹಿಸುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕಿದ ಮೇಲೆ ಇದು ಗೊತ್ತಾಗಿ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಮಗಳಿಗೆ ನವೆಂಬರ್‌ನಲ್ಲಿ ಆರು ತುಂಬುವುದರಿಂದ ಈ ಆಗಸ್ಟ್‌ನಲ್ಲಿ ಅವಳನ್ನು ಕಿಂಡರ್‌ಗಾರ್ಟನ್‌ಗೇ ಸೇರಿಸಿಕೊಳ್ಳುತ್ತಾರೆ. ಇಲ್ಲಿ ಲೆಕ್ಕ ಸೆಪ್ಟೆಂಬರ್ 1ರದು. ಯುಕೆಜಿ ಮುಗಿಸಿದವಳಿಗೆ ಒಂದು ವರ್ಷ ದಂಡವಾಯಿತು ಎಂದು ಜಗಳಕ್ಕೆ ಹೋಗಬೇಡಿ. ಕೂಡುವ ಕಳೆಯುವ ಲೆಕ್ಕ ಅವಳಿಗೆ ಬರುತ್ತದೆ, ನಿಜ. ಆದರೆ ಹೊಸ ಭಾಷೆಯಲ್ಲಿ ‘ನನಗೂ ಆಟಕ್ಕೆ ಸೇರಿಸಿಕೊಳ್ಳಿ’ ಎಂದು ಕೇಳುವುದನ್ನು ಕಲಿಯಲು ಅವಳಿಗೆ ಆ ವರ್ಷ ಬೇಕು.

ಈಗ ನನ್ನ ಮಗನ ವಿಷಯ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದೇ ಇದಕ್ಕಾಗಿ.

ಅವನು ಓದಿದ್ದು ಒಳ್ಳೆಯ ಅಂಕದ ಶಾಲೆಯಲ್ಲೇ. ಒಂದನೆಯ ತರಗತಿಯ ಪೋಷಕರ ಭೇಟಿಯಲ್ಲಿ ಶಿಕ್ಷಕಿ, ‘ಬಹಳ ಒಳ್ಳೆಯ ಹುಡುಗ, ಸದ್ದಿಲ್ಲದೆ ಕೆಲಸ ಮಾಡುತ್ತಾನೆ’ ಎಂದರು. ನಾನು ಕೈಮುಗಿದು ಬಂದೆ. ಅಪ್ಪನ ಶಾಲೆಯಲ್ಲಿ ಊರಿನವರು ಬಾಗಿಲ ಹೊರಗೇ ನಿಂತು, ‘ನೀವೇ ನೋಡಿಕೊಳ್ಳಿ ಮೇಷ್ಟ್ರೇ’ ಎಂದು ಹೇಳಿ ಹೋಗುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಮೇಷ್ಟರನ್ನು ಪ್ರಶ್ನಿಸುವುದು ಮರ್ಯಾದೆಯಲ್ಲ ಎಂಬುದು ರಕ್ತದಲ್ಲೇ ಇತ್ತು. ಎರಡನೆಯ ತರಗತಿಯ ಒಂದು ರಾತ್ರಿ, ಅವನು ನನ್ನ ಪಕ್ಕ ಮಲಗಿ ಶಾಲೆಯಿಂದ ತಂದ ಪುಸ್ತಕ ಓದುತ್ತಿದ್ದ. ಸಾಲಿನ ಕೆಳಗೆ ಬೆರಳಿಟ್ಟು, ದನಿ ಏರಿಸಿ ಇಳಿಸಿ ಚೆನ್ನಾಗಿಯೇ ಓದುತ್ತಿದ್ದ. ಹಾಳೆ ತಿರುವುವಾಗ ನನ್ನ ಕೈಯಲ್ಲಿ ಎರಡು ಹಾಳೆ ಒಟ್ಟಿಗೆ ಬಂದವು. ಅವನು ನಿಲ್ಲಲಿಲ್ಲ. ನಡುವೆ ಬಿಟ್ಟುಹೋದ ಪುಟದಲ್ಲಿದ್ದ ಮಾತುಗಳನ್ನೇ, ಮುಂದಿನ ಪುಟದ ಅಕ್ಷರಗಳ ಮೇಲೆ ಬೆರಳು ಸರಿಸುತ್ತ ಹೇಳಿಕೊಂಡು ಹೋದ. ಇಡೀ ಪುಸ್ತಕ ಬಾಯಿಪಾಠವಾಗಿತ್ತು. ಒಂದು ಸಾಲನ್ನೂ ಅವನು ಓದುತ್ತಿರಲಿಲ್ಲ.

ಮರುದಿನ ಹೋಗಿ ಹೇಳಿದೆ. ‘ಮನೆಯಲ್ಲಿ ಎರಡು ಭಾಷೆ ಇರುವುದರಿಂದ ತಡವಾಗಬಹುದು, ಕಾಯೋಣ’ ಎಂದರು. ಕಾದೆ. ಮೂರು ತಿಂಗಳು ಕಳೆಯಿತು. ಆಗ ಮೆಕ್ಸಿಕೊ ಮೂಲದ ತಾಯಿಯೊಬ್ಬರು ನನ್ನನ್ನು ಕೂರಿಸಿಕೊಂಡು, ‘ಬಾಯಲ್ಲಿ ಹೇಳಬೇಡ, ಬರೆದು ಕೊಡು, ದಿನಾಂಕ ಹಾಕು, ಪ್ರತಿ ಇಟ್ಟುಕೋ’ ಎಂದರು. ನನ್ನ ಮಗನಿಗೆ ವಿಶೇಷ ಶಿಕ್ಷಣದ ಅಗತ್ಯವಿದೆಯೇ ಎಂದು ಪರೀಕ್ಷಿಸಬೇಕು ಎಂದು ನಾಲ್ಕು ಸಾಲು ಬರೆದು ಕೊಟ್ಟೆ. ಅಲ್ಲಿಂದ ಎಲ್ಲವೂ ಬದಲಾಯಿತು. ಈ ರಾಜ್ಯದಲ್ಲಿ ಹಾಗೆ ಬರೆದು ಕೊಟ್ಟರೆ ಸಾಮಾನ್ಯವಾಗಿ 15 ದಿನದೊಳಗೆ ಪರೀಕ್ಷೆಯ ಯೋಜನೆಯನ್ನು ನಮ್ಮ ಕೈಗೆ ಕೊಡಬೇಕು. ನಾವು ಒಪ್ಪಿ ಸಹಿ ಹಾಕಿದ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿಸಿ ಸಭೆ ಕರೆಯಬೇಕು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ತೊಂದರೆ ಎಂದು ಗೊತ್ತಾಯಿತು. ಸಭೆಯ ದಿನ ಮೇಜಿನ ಸುತ್ತ ಆರು ಜನ ಕುಳಿತಿದ್ದರು: ಮುಖ್ಯೋಪಾಧ್ಯಾಯರು, ತರಗತಿಯ ಶಿಕ್ಷಕಿ, ಮನಶ್ಶಾಸ್ತ್ರಜ್ಞೆ, ವಿಶೇಷ ಶಿಕ್ಷಕಿ, ನಾವಿಬ್ಬರು. ನನ್ನ ಮಗನೊಬ್ಬನಿಗಾಗಿ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಬೇರೆಯಾಗಿ ಕೂರಿಸಿ ಕಲಿಸಿದರು, ಎರಡು ವರ್ಷ. ಒಂದು ಡಾಲರ್ ಕೇಳಲಿಲ್ಲ. 1975ರ ಕೇಂದ್ರ ಕಾನೂನಿನಿಂದ ಬಂದ ಹಕ್ಕು ಇದು. ದುಡ್ಡು ಕೊಟ್ಟು ಸೇರಿಸುವ ಖಾಸಗಿ ಶಾಲೆಗೆ ಈ ಹೊಣೆ ಹೀಗೆ ಇರುವುದಿಲ್ಲ ಎಂಬುದನ್ನೂ ಅತ್ತೆಯವರಿಗೆ ತಿಳಿಸಿ.

ಹಾಗಾದರೆ ಅದು ಕೆಟ್ಟ ಶಾಲೆಯೇ, ಒಳ್ಳೆಯ ಶಾಲೆಯೇ? ಒಂದೂವರೆ ವರ್ಷ ನನ್ನ ಮಗುವನ್ನು ಗಮನಿಸದೆ ಬಿಟ್ಟದ್ದೂ ಅದೇ, ಆಮೇಲೆ ಕೈಹಿಡಿದು ಓದಿಸಿದ್ದೂ ಅದೇ. ಶಿಕ್ಷಕಿಯ ಮೇಲೆ ನನಗೆ ಕೋಪವಿಲ್ಲ. 24 ಮಕ್ಕಳಲ್ಲಿ ಗಲಾಟೆ ಮಾಡುವ ಇಬ್ಬರ ಕಡೆಗೇ ಅವರ ದಿನ ಸವೆಯುತ್ತಿತ್ತು, ಸುಮ್ಮನಿರುವ ಮಗು ಲೆಕ್ಕಕ್ಕೆ ಸಿಗಲಿಲ್ಲ. ಇಲ್ಲಿನ ಸರ್ಕಾರಿ ಶಾಲೆ ಕೇಳಿದವರಿಗೆ ಕೊಡುತ್ತದೆ. ಕೇಳದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿಯುತ್ತದೆ. ನಮ್ಮ ವಿನಯವನ್ನು ಅವರು ತೃಪ್ತಿ ಎಂದುಕೊಳ್ಳುತ್ತಾರೆ. 2025-26ರಿಂದ ಕಿಂಡರ್‌ಗಾರ್ಟನ್‌ನಿಂದ ಎರಡನೆಯ ತರಗತಿಯವರೆಗಿನ ಮಕ್ಕಳಿಗೆ ಓದಿನ ತೊಂದರೆಯ ತಪಾಸಣೆ ಪ್ರತಿ ವರ್ಷ ಕಡ್ಡಾಯವಾಗಿದೆ. ನನ್ನ ಮಗನ ಕಾಲದಲ್ಲಿ ಇರಲಿಲ್ಲ. ಅದರ ಫಲಿತಾಂಶವನ್ನು ಕೇಳಿ ತೆಗೆದುಕೊಳ್ಳಿ.

ಇನ್ನೂ ಕೆಲವು ಮಾತು. ಸೇರಿಸುವಾಗ ಮನೆಯ ಭಾಷೆ ಯಾವುದೆಂದು ಕೇಳುವ ಅರ್ಜಿ ಕೊಡುತ್ತಾರೆ. ಪರೀಕ್ಷೆ ತಪ್ಪಲಿ ಎಂದು ನಮ್ಮವರು ಅನೇಕರು ಇಂಗ್ಲಿಷ್ ಎಂದು ಬರೆಯುತ್ತಾರೆ. ದಯವಿಟ್ಟು ಕನ್ನಡ ಎಂದೇ ಬರೆಯಿರಿ. ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ಪರೀಕ್ಷಿಸಿ, ಬೇಕಿದ್ದರೆ ಪ್ರತ್ಯೇಕವಾಗಿ ಕಲಿಸುತ್ತಾರೆ, ಅದರಲ್ಲಿ ಅವಮಾನವೇನಿಲ್ಲ. ಇಂಗ್ಲಿಷ್ ಕಲಿಯುತ್ತಿರುವವರ ಆ ಪಟ್ಟಿಯಿಂದ ಹೊರಬರಲು ಕೆಲವು ವರ್ಷ ಹಿಡಿಯಬಹುದು, ಅಷ್ಟೇ. ಮನೆಯಲ್ಲಿ ಕನ್ನಡ ಬಿಡಬೇಡಿ. ವಾರಾಂತ್ಯಕ್ಕೆ ಕನ್ನಡ ತರಗತಿಗಳೂ ನಮ್ಮ ಕಡೆ ನಡೆಯುತ್ತವೆ.

ಊರಿನ ಮದುವೆಗೆಂದು ನಡುವರ್ಷದಲ್ಲಿ ತಿಂಗಳುಗಟ್ಟಲೆ ಹೋಗುವ ಯೋಚನೆ ಇದ್ದರೆ ಮೊದಲೇ ಕಚೇರಿಯಲ್ಲಿ ಮಾತಾಡಿ. ವರ್ಷಕ್ಕೆ ಸುಮಾರು 180 ದಿನ ಶಾಲೆ. ಅದರಲ್ಲಿ 18 ದಿನ ತಪ್ಪಿದರೆ ಪದೇಪದೇ ಗೈರಾಗುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಹೆಚ್ಚಿನ ಜಿಲ್ಲೆಗಳಲ್ಲಿ ರಾಜ್ಯದ ಅನುದಾನವೂ ಹಾಜರಾತಿಯ ಮೇಲೆ ನಿಂತಿದೆ. ಕೆಲವು ಕಡೆ ಸೀಟೇ ಹೋಗುತ್ತದೆ. ಹೋದಲ್ಲೇ ಶಾಲೆಯ ಪಾಠ ಮಾಡಿಕೊಳ್ಳುವ ಒಪ್ಪಂದ ಮಾಡಿಕೊಂಡು ಹೋಗಲು ದಾರಿ ಇದೆ.

ಡಬ್ಬಿಗೆ ಅನ್ನ-ಸಾರು ಬೇಡ. ಊಟಕ್ಕೆ ಸಿಗುವುದು ಇಪ್ಪತ್ತು ನಿಮಿಷದ ಆಸುಪಾಸು, ಅದರಲ್ಲಿ ಸಾಲು, ಮಾತು ಎಲ್ಲ ಸೇರಿ. ಚಪಾತಿಗೆ ಪಲ್ಯ ಸುತ್ತಿ ಕೊಡಿ. ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಕೇಳುವವರೆಗೆ ಚಟ್ನಿಪುಡಿ ಕಳುಹಿಸಬೇಡಿ.

ಬಾಡಿಗೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ: ಆ ಆರು ಅಂಕದ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಅದನ್ನೇ ಹಿಡಿಯಿರಿ. ಅತ್ತೆಯವರು ಬಂದಾಗ ಅವರೇ ಹೋಗಿ ಮೊಮ್ಮಗಳನ್ನು ಕರೆತರಬಹುದು. ಗೇಟಿನ ಹತ್ತಿರ ನಿಂತ ಹತ್ತು ನಿಮಿಷದಲ್ಲಿ ನಿಮಗೂ ನಾಲ್ಕು ಜನರ ಪರಿಚಯವಾಗುತ್ತದೆ. ನನಗೆ ಪತ್ರ ಬರೆಯಲು ಹೇಳಿಕೊಟ್ಟ ಆ ತಾಯಿ ಸಿಕ್ಕಿದ್ದೂ ಗೇಟಿನಲ್ಲೇ.

ಲಸಿಕೆಯ ಚೀಟಿ, ಜನನ ಪ್ರಮಾಣಪತ್ರ, ಕರಾರು ಪತ್ರ, ವಿದ್ಯುತ್ ಬಿಲ್ಲು ತೆಗೆದಿಟ್ಟುಕೊಳ್ಳಿ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಕ್ಷಯದ ತಪಾಸಣೆಯೂ ಬೇಕು. ಮಗುವಿಗೆ ಬಿಸಿಜಿ ಆಗಿರುವುದರಿಂದ ಚರ್ಮದ ಪರೀಕ್ಷೆ ತಪ್ಪಾಗಿ ತೋರಿಸಬಹುದು, ರಕ್ತಪರೀಕ್ಷೆ ಮಾಡಿ ಎಂದು ವೈದ್ಯರನ್ನು ಕೇಳಿ. ಗುರುವಾರ ಬೆಳಿಗ್ಗೆ ನನಗೆ ಬಿಡುವಿದೆ. ಎಂಟಕ್ಕೆ ಆ ಶಾಲೆಯ ಗೇಟಿನ ಹತ್ತಿರ ಬನ್ನಿ, ಮಗಳನ್ನೂ ಕರೆತನ್ನಿ. ಕಚೇರಿಗೆ ಒಟ್ಟಿಗೆ ಹೋಗೋಣ, ಪ್ರಶ್ನೆಗಳನ್ನು ಮಾತ್ರ ನೀವೇ ಕೇಳಬೇಕು.