ಪ್ರತಿಕ್ರಿಯೆ: ಖಾಲಿ ಆಕಾಶವೂ ಸಕ್ಕರೆ ನೀರಿನ ಹಾಗಾದರೆ?

ವಿದ್ಯುತ್, ಕಾಂತ, ಬೆಳಕಿನ ನಡೆಯನ್ನು ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಇನ್ನೊಂದು ಪದ ಸೇರಿಸಿದರೆ ಆಕಾಶದಲ್ಲಿ ಅದರ ಗುರುತು ಸಿಗುತ್ತದಾ ಅಂತ ಕೇಳಿದ್ದೀರಿ. ಮಂಡ್ಯದವರು ಅಂದಿರಲ್ಲ, ಹಾಗಾದರೆ ಸುಲಭ.

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಪೋಲಾರಿಮೀಟರ್ ಇರುತ್ತದೆ. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕು ಕಬ್ಬಿನ ರಸದಲ್ಲಿ ಹಾದಾಗ ಅದರ ಕಂಪನದ ದಿಕ್ಕು ತಿರುಗುತ್ತದೆ. ಎಷ್ಟು ತಿರುಗಿತು ಅಂತ ನೋಡಿಯೇ ಸಕ್ಕರೆ ಅಂಶ ಅಳೆಯುತ್ತಾರೆ. ಖಾಲಿ ಆಕಾಶವೂ ಹೀಗೇ ಬೆಳಕನ್ನು ತಿರುಗಿಸಿದರೆ? 1990ರಲ್ಲಿ ಭೌತವಿಜ್ಞಾನಿಗಳಾದ ಕ್ಯಾರಲ್, ಫೀಲ್ಡ್, ಜಾಕಿವ್ ಆ ಸಮೀಕರಣಗಳಿಗೆ ಸೇರಿಸಿ ಪರಿಶೀಲಿಸಿದ ಚರ್ನ್-ಸೈಮನ್ಸ್ ಅನ್ನೋ ಪದದ ಪರಿಣಾಮ ಇದೇ.

ತಿರುವು ತೀರಾ ಸಣ್ಣದು, ಹಾಗಾಗಿ ದಾರಿ ಉದ್ದ ಬೇಕು. ಸುಮಾರು 1380 ಕೋಟಿ ವರ್ಷ ನಡೆದು ಬಂದ ಮೈಕ್ರೋವೇವ್ ಹಿನ್ನೆಲೆ ಬೆಳಕಿಗಿಂತ (ವಿಶ್ವದ ಆರಂಭಕಾಲದ ಬೆಳಕು) ಉದ್ದದ ದಾರಿ ಎಲ್ಲಿದೆ? 2020ರಲ್ಲಿ ಮಿನಾಮಿ ಮತ್ತು ಕೊಮಾತ್ಸು ಪ್ಲ್ಯಾಂಕ್ ಉಪಗ್ರಹದ ಅಳತೆಗಳಲ್ಲಿ ಸುಮಾರು 0.35 ಡಿಗ್ರಿ ತಿರುವಿನ ಸುಳಿವು ಕಂಡರು. ಖಾತ್ರಿ 2.4 ಸಿಗ್ಮಾ ಅಷ್ಟೇ (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ). ಹೊಸ ಶೋಧ ಅಂತ ಒಪ್ಪಲು ಸಾಮಾನ್ಯವಾಗಿ 5 ಕೇಳುತ್ತಾರೆ. ಇನ್ನೊಂದು ತಲೆನೋವು: ಡಿಟೆಕ್ಟರನ್ನೇ ಕೊಂಚ ಓರೆಯಾಗಿ ಕೂರಿಸಿದ್ದರೂ ಇಂಥದೇ ತಿರುವು ಕಾಣುತ್ತದೆ! ಅದಕ್ಕೇ ಅವರು ಹಾಲುಹಾದಿಯ ಧೂಳಿನ ಬೆಳಕನ್ನು ಹೋಲಿಕೆಗೆ ಇಟ್ಟುಕೊಂಡರು. ಅದು ಪಕ್ಕದ ಬೀದಿಯಿಂದ ಬಂದದ್ದು, ತಿರುಗುವಷ್ಟು ದೂರ ನಡೆದೇ ಇಲ್ಲ. ಜಾಣತನ ಅಲ್ವಾ?

ಬೆಳಕಿನ ಕಣವಾದ ಫೋಟಾನಿಗೆ ತೂಕ ಇದ್ದರೆ ಅನ್ನೋ ನಿಮ್ಮ ಎರಡನೇ ಪ್ರಶ್ನೆಯ ಬಗ್ಗೆ ನನಗೆ ಜಾಸ್ತಿ ಆಸೆಯಿಲ್ಲ. ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಕಾಂತಕ್ಷೇತ್ರದ ಅಳತೆಗಳು ಅದಕ್ಕೆ ಬಹಳ ಕಡಿಮೆ ಜಾಗ ಬಿಟ್ಟಿವೆ.