ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ತಾನಾಗಿಯೇ ಆನ್ ಆಗುವಂತೆ ಮಾಡುವುದು ಹೇಗೆ?

ಶಿರಸಿಯ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ರಾತ್ರಿ ಎದ್ದು ಹೋಗಿ ಬಟನ್ ಒತ್ತುವುದು ಯಾರಿಗೆ ಬೇಕು, ಅಲ್ವಾ?

ಬಯೋಸ್, ಅಂದರೆ ಸರ್ವರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್‌ಗಳ ಪರದೆ, ತೆರೆಯಿರಿ. ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ‘ಪವರ್ ಆನ್’ಗೆ ಇಡಿ. ‘ಲಾಸ್ಟ್ ಸ್ಟೇಟ್’ ಬೇಡ. ಬ್ಯಾಟರಿ ಇಳಿದಾಗ ಯುಪಿಎಸ್ ಕೊಟ್ಟ ಸೂಚನೆಯಿಂದ ಸರ್ವರ್ ಶಟ್‌ಡೌನ್ ಆಗಿದ್ದರೆ ಅದರ ಕೊನೆಯ ಸ್ಥಿತಿ ಆಫ್ ಅಂತಲೇ ದಾಖಲಾಗಿರುತ್ತದೆ, ಆಮೇಲೆ ಏಳುವುದೇ ಇಲ್ಲ. ವಿದ್ಯುತ್ ಉಳಿಸುವ ‘ಇಆರ್‌ಪಿ’ (ErP) ಆಯ್ಕೆ ಆನ್ ಇದ್ದರೆ ಕೆಲವು ಮದರ್‌ಬೋರ್ಡ್‌ಗಳಲ್ಲಿ ಇದು ಕೆಲಸ ಮಾಡುವುದಿಲ್ಲ, ಅದು ಆಫ್ ಇದೆಯೇ ನೋಡಿ.

ನಾನು ಎಡವಿದ್ದು ಬೇರೆ ಕಡೆ. ಬ್ಯಾಟರಿ ಇಳಿದು ಸರ್ವರ್ ಶಟ್‌ಡೌನ್ ಆಯಿತು. ಯುಪಿಎಸ್ ಪೂರ್ತಿ ಖಾಲಿಯಾಗುವ ಮೊದಲೇ ಕರೆಂಟ್ ಬಂತು. ಸರ್ವರ್ ಪಾಲಿಗೆ ಕರೆಂಟ್ ಹೋಗಿಯೇ ಇರಲಿಲ್ಲ! ಸುಮ್ನೆ ಮಲಗಿಯೇ ಇತ್ತು. ಹಾಗಾಗಿ ಶಟ್‌ಡೌನ್ ಆದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ ಕಡಿದು, ಕರೆಂಟ್ ಬಂದಾಗ ಮತ್ತೆ ಕೊಡಬೇಕು. ಲಿನಕ್ಸ್‌ನಲ್ಲಿ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ತಂತ್ರಾಂಶ ಇದನ್ನು ಮಾಡಿಸುತ್ತದೆ, ನಿಮ್ಮ ಯುಪಿಎಸ್‌ಗೆ ಆ ಸೌಲಭ್ಯ ಇದ್ದರೆ.

ಮಳೆ ಶುರುವಾಗುವ ಮೊದಲೇ ಒಮ್ಮೆ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಿ.