ಸೂಜಿ ಬೇಡ, ಉಸಿರಿನಲ್ಲೇ ಔಷಧ ಮತ್ತು ಲಸಿಕೆ ಕೊಡಬಹುದಲ್ವಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಸೋಂಕು ಉಸಿರಿನಿಂದ ಬರುವಾಗ ಔಷಧ, ಲಸಿಕೆಗಳನ್ನೂ ಉಸಿರಿನಲ್ಲೇ ಯಾಕೆ ಕೊಡುವುದಿಲ್ಲ? ಮನೆಯಲ್ಲಿರುವ ನೆಬ್ಯುಲೈಸರ್‌ಗೆ (ದ್ರವ ಔಷಧವನ್ನು ಮಂಜಿನಂತೆ ಮಾಡುವ ಯಂತ್ರ) ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿ ಎಳೆದುಕೊಳ್ಳಬಹುದಾ?

ನಾನು ಕೆಲವು ವರ್ಷ ಇನ್‌ಹೇಲರ್ ಪರೀಕ್ಷಿಸುವ ಲ್ಯಾಬ್‌ನಲ್ಲಿದ್ದೆ. ಅಲ್ಲಿ ದಿನವಿಡೀ ಒಂದೇ ಚಿಂತೆ, ಕಣದ ಗಾತ್ರ. ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಔಷಧದ ಕಣ ಸುಮಾರು 1ರಿಂದ 5 ಮೈಕ್ರಾನ್ ಇರಬೇಕು. ತಲೆಕೂದಲಿನ ದಪ್ಪವೇ 50 ಮೈಕ್ರಾನ್‌ಗಿಂತ ಜಾಸ್ತಿ, ಲೆಕ್ಕ ಹಾಕಿ. 10 ದಾಟಿದ ಕಣ ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ, ಆಮೇಲೆ ಹೊಟ್ಟೆಗೆ ಹೋಗುತ್ತದೆ. ತೀರಾ ಸಣ್ಣದಾದರೆ ಬಂದ ದಾರಿಯಲ್ಲೇ ವಾಪಸ್. ಪುಡಿಗೆ ಚೂರು ತೇವ ತಗುಲಿದರೂ ಗಂಟು ಕಟ್ಟುತ್ತದೆ. ಮೋಡ ಮುಸುಕಿದ ದಿನ ನಮ್ಮ ಲ್ಯಾಬ್‌ನಲ್ಲಿ ಎಲ್ಲರ ಮುಖವೂ ಹಾಗೇ ಇರುತ್ತಿತ್ತು.

ಇಷ್ಟು ಪಾಡುಪಟ್ಟಿದ್ದಕ್ಕೆ ಫಲವೂ ಇದೆ. ಟೊಬ್ರಾಮೈಸಿನ್ ಅನ್ನುವ ಆಂಟಿಬಯಾಟಿಕ್ ರಕ್ತಕ್ಕೆ ಹೋದರೆ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು. ಉಸಿರಿನಲ್ಲಿ ಕೊಟ್ಟರೆ ಶ್ವಾಸನಾಳದಲ್ಲಿ ಸಾಕಷ್ಟು ಸಿಗುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟಿಕೊಳ್ಳುವ, ಹುಟ್ಟಿನಿಂದ ಬರುವ ಕಾಯಿಲೆ) ಇರುವವರಿಗಾಗಿ ಅಮೆರಿಕದಲ್ಲಿ 1997ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು. 28 ದಿನ ತೆಗೆದುಕೊಳ್ಳಬೇಕು, 28 ದಿನ ಬಿಡಬೇಕು. ಫ್ಲೂಗೆ ಜನಾಮಿವಿರ್ ಪುಡಿ 1999ರಲ್ಲಿ ಬಂತು. ಆದರೆ ಅದು ಶ್ವಾಸನಾಳ ಬಿಗಿಯುವಂತೆ ಮಾಡಬಹುದು, ಹಾಗಾಗಿ ಆಸ್ತಮಾ ಇರುವವರಿಗೆ ಕೊಡುವುದಿಲ್ಲ.

ಹಾಗಾದರೆ ಸಾಮಾನ್ಯ ನ್ಯುಮೋನಿಯಾಕ್ಕೆ ಇದೇ ದಾರಿ ಯಾಕಲ್ಲ? ನ್ಯುಮೋನಿಯಾ ಹಿಡಿದ ಭಾಗದಲ್ಲಿ ನೀರು, ಕೀವು ತುಂಬಿರುತ್ತದೆ. ಗಾಳಿಯೇ ಹೋಗದ ಕಡೆ ಔಷಧ ಹೇಗೆ ಹೋದೀತು? ಎಳೆದುಕೊಂಡಿದ್ದೆಲ್ಲ ಚೆನ್ನಾಗಿರುವ ಭಾಗಕ್ಕೇ ಹೋಗುತ್ತದೆ. ರೋಗ ಹಿಡಿದ ಭಾಗಕ್ಕೆ ತಲುಪಬೇಕಾದರೆ ರಕ್ತವೇ ಒಳ್ಳೆಯ ದಾರಿ.

ಲಸಿಕೆಯ ಲೆಕ್ಕ ಬೇರೆ. ಚುಚ್ಚುವ ಲಸಿಕೆಯಿಂದ ಹೆಚ್ಚಾಗಿ ರಕ್ತದಲ್ಲಿ ರಕ್ಷಣೆ ಬೆಳೆಯುತ್ತದೆ. ಮೂಗು, ಶ್ವಾಸನಾಳದ ಒಳಪದರದಲ್ಲಿ ಕಾವಲು ಕಾಯುವ ಐಜಿಎ ಪ್ರತಿಕಾಯ ಬೇಕಾದರೆ ಲಸಿಕೆ ಅಲ್ಲಿಗೇ ತಲುಪಿದರೆ ಒಳ್ಳೆಯದು. ರೋಗಾಣುವನ್ನು ಬಾಗಿಲಲ್ಲೇ ತಡೆಯುವ ಆಸೆ ಇದು. ದಡಾರದಲ್ಲಿ ಇದನ್ನು ದೊಡ್ಡದಾಗಿಯೇ ಮಾಡಿ ನೋಡಿದ್ದಾರೆ. ಪೋಲಿಯೊ ಹನಿ ತಯಾರಿಸಿದ ಆಲ್ಬರ್ಟ್ ಸೇಬಿನ್ ಅವರೇ 1980ರ ದಶಕದಲ್ಲಿ ಮೆಕ್ಸಿಕೊದಲ್ಲಿ ಇದರ ಪ್ರಯೋಗಕ್ಕೆ ಕೈಹಾಕಿದ್ದರು. ಆಮೇಲೆ ಅಲ್ಲಿ ಸುಮಾರು 40 ಲಕ್ಷ ಮಕ್ಕಳಿಗೆ ಉಸಿರಿನ ಮೂಲಕ ಲಸಿಕೆ ಕೊಟ್ಟರು. ಈಗಾಗಲೇ ಒಂದು ಡೋಸ್ ಆಗಿದ್ದ ಶಾಲಾ ಮಕ್ಕಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಎಡವಿದ್ದು ಕೂಸುಗಳ ವಿಷಯದಲ್ಲಿ. ಭಾರತದಲ್ಲಿ ಸುಮಾರು 2,000 ಕೂಸುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಚುಚ್ಚುಮದ್ದು ಪಡೆದವರಲ್ಲಿ ಶೇ. 94.6 ಮಂದಿಗೆ ಪ್ರತಿಕಾಯ ಬಂದಿತ್ತು, ಉಸಿರಿನಲ್ಲಿ ಪಡೆದವರಲ್ಲಿ ಶೇ. 85.4 ಮಂದಿಗೆ ಮಾತ್ರ. ಬೇರೆ ರೋಗವಾಗಿದ್ದರೆ 85 ಸಾಕು ಅನ್ನಬಹುದಿತ್ತೇನೋ. ದಡಾರ ಹರಡುವ ವೇಗಕ್ಕೆ ಸಾಲದು. ನನಗೆ ಅದನ್ನು ಓದಿ ನಿಜಕ್ಕೂ ಬೇಜಾರಾಗಿತ್ತು.

ಕೋವಿಡ್‌ನಲ್ಲಿ ಈ ಆಸೆಗೆ ಮತ್ತೆ ಜೀವ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಚೀನಾ ಬಾಯಿಂದ ಎಳೆದುಕೊಳ್ಳುವ ಬೂಸ್ಟರ್‌ಗೆ ಒಪ್ಪಿಗೆ ಕೊಟ್ಟಿತು. ಇಂಜೆಕ್ಷನ್‌ನ ಐದನೇ ಒಂದು ಭಾಗದಷ್ಟು ಲಸಿಕೆ ಅದಕ್ಕೆ ಸಾಕು. ಅದೇ ತಿಂಗಳು ಭಾರತ ಒಪ್ಪಿದ ಇನ್‌ಕೋವ್ಯಾಕ್ ಮೂಗಿನ ಹನಿ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ, ಹನಿ ಬೀಳುವುದು ಮೂಗಿಗೆ, ಶ್ವಾಸಕೋಶದ ಆಳಕ್ಕಲ್ಲ.

ಇನ್ನು ಎರಡನೇ ಪ್ರಶ್ನೆ. ದಯವಿಟ್ಟು ಸ್ವಂತ ಬುದ್ಧಿಯಿಂದ ಇಂಜೆಕ್ಷನ್ ಔಷಧವನ್ನು ನೆಬ್ಯುಲೈಸರ್‌ಗೆ ಹಾಕಬೇಡಿ. ಇಂಜೆಕ್ಷನ್‌ಗಳಲ್ಲಿ ಫೀನಾಲ್‌ನಂಥ ಸಂರಕ್ಷಕ ಇರಬಹುದು. ರಕ್ತಕ್ಕೆ ಹೋದಾಗ ತೊಂದರೆ ಕೊಡದ್ದು ಶ್ವಾಸನಾಳಕ್ಕೆ ಬಿದ್ದರೆ ಅದನ್ನು ಬಿಗಿದುಬಿಡುತ್ತದೆ. ಉಸಿರಿಗಾಗಿಯೇ ಮಾಡಿದ ಟೊಬ್ರಾಮೈಸಿನ್‌ನಲ್ಲಿ ಸಂರಕ್ಷಕ ಹಾಕುವುದೇ ಇಲ್ಲ. ಜನಾಮಿವಿರ್ ಪುಡಿಯನ್ನು ನೀರಲ್ಲಿ ಕಲಸಿ ನೆಬ್ಯುಲೈಸರ್‌ಗೆ ಹಾಕುವುದೂ ಬೇಡ. ಹಾಗೆ ಕೊಟ್ಟಾಗ ಅದರಲ್ಲಿರುವ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ವೆಂಟಿಲೇಟರ್ ಕಟ್ಟಿಕೊಳ್ಳುವಂತೆ ಮಾಡಿ, ಅದರ ಮೇಲಿದ್ದ ರೋಗಿಯೊಬ್ಬರು ತೀರಿಕೊಂಡ ಮೇಲೆ 2009ರಲ್ಲಿ ಎಚ್ಚರಿಕೆ ಹೊರಡಿಸಿದ್ದರು.